ಊರ ಕಲ್ಲುಗಳನ್ನು ಓದಿದ ರೈಸ್

ಭೀಮನಬೀಡಿನಂತಹ ಗ್ರಾಮಕ್ಕೂ ಚರಿತ್ರೆಯುಂಟೇ ಎಂದು ಯಾರಾದರೂ ಕೇಳಿದಾಗ ನಾವು ಬಿ.ಎಲ್. ರೈಸ್ ಅವರನ್ನು ನೆನೆಯುತ್ತೇವೆ.

ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಪೂರೈಸಿ ಮರಳಿದ ಮಗ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯನ್ನು ಸೇರಿದರು. ಶಾಲೆಗಳ ತನಿಖೆಗೆಂದು ಸುತ್ತುವಾಗ ಊರೂರಿನ ಶಿಲಾಶಾಸನಗಳು ಅವರ ಕಣ್ಣಿಗೆ ಬಿದ್ದವು. ಓದುವವರಿಲ್ಲದೆ ಅವು ಮೂಕವಾಗಿದ್ದವು.

ಅವುಗಳಿಗೆ ಮಾತು ಕೊಡುವುದೇ ಅವರ ಬಾಳಿನ ಕಾಯಕವಾಯಿತು. 1886ರಿಂದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳನ್ನು ಹೊರತಂದರು. ದೇಗುಲದ ಗೋಡೆ, ಹೊಲದ ಬದಿಯ ಕಲ್ಲುಗಳಲ್ಲದೆ, ಮನೆತನಗಳು ಕಾಪಾಡಿಕೊಂಡಿದ್ದ ತಾಮ್ರಪಟಗಳನ್ನೂ ಓದಿದರು. 1898ರ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿವೆ. ಅರಸನ ದಾನಶಾಸನಕ್ಕೂ, ತುರುಗಳನ್ನು ಕಾಯಲು ಮಡಿದ ಹಳ್ಳಿಗನ ವೀರಗಲ್ಲಿಗೂ ಅಲ್ಲಿ ಒಂದೇ ಸಾಲಿನ ಕ್ರಮಸಂಖ್ಯೆ. 1906ರಲ್ಲಿ ನಿವೃತ್ತರಾದ ರೈಸ್ 1927ರಲ್ಲಿ ಇಂಗ್ಲೆಂಡಿನಲ್ಲಿ ನಿಧನರಾದರು.

ಅವರು ಕಥೋಲಿಕರಲ್ಲ. ಆದರೂ ಧರ್ಮಕೇಂದ್ರದ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ತೆರೆದಾಗಲೆಲ್ಲ ನಮಗೆ ಅವರ ನೆನಪು. ಅಲ್ಲಿಯೂ ಜಮೀನುದಾರನ ಮಗುವಿಗೂ ಕೂಲಿಯವನ ಮಗುವಿಗೂ ಒಂದೊಂದೇ ಸಾಲು. ಆ ಸಾಲು ಅಳಿದರೆ ಬಡವನು ಬಾಳಿದ್ದಕ್ಕೆ ಬೇರೆ ಸಾಕ್ಷಿಯೇ ಉಳಿಯದು. ಆದುದರಿಂದ ಅಜ್ಜನ ಪೆಟ್ಟಿಗೆಯ ಕಾಗದಗಳನ್ನು ಒಲೆಗೆ ಹಾಕುವ ಮುನ್ನ, ಅಕ್ಷರವಿರುವ ಕಲ್ಲನ್ನು ಬಟ್ಟೆ ಒಗೆಯಲು ಬಳಸುವ ಮುನ್ನ, ಬಲ್ಲವರಿಂದ ಒಮ್ಮೆ ಓದಿಸೋಣ. ಅದರಲ್ಲಿರುವುದು ನಮ್ಮವರದೇ ಹೆಸರಾಗಿರಬಹುದು.