ಜಾನ್ ಫ್ರೆಡೆರಿಕ್ ಸ್ಯಾಕ್ವಿಲ್, ಡಾರ್ಸೆಟ್‌ನ ಮೂರನೆಯ ಡ್ಯೂಕ್

ಜಾನ್ ಫ್ರೆಡೆರಿಕ್ ಸ್ಯಾಕ್ವಿಲ್ (25 ಮಾರ್ಚ್ 1745 – 19 ಜುಲೈ 1799) ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತ, ಕ್ರಿಕೆಟ್ ಆಟಗಾರ ಮತ್ತು ಆ ಆಟದ ಪ್ರಮುಖ ಆಶ್ರಯದಾತ. ಫ್ರಾನ್ಸಿನ ಮಹಾಕ್ರಾಂತಿ ಭುಗಿಲೆದ್ದಾಗ ಈತ ಪ್ಯಾರಿಸಿನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ. ಆಟಗಾರನಾಗಿ ಈತನ ಸಾಧನೆ ಸಾಧಾರಣವಾದುದು. ಆದರೆ ಈತ ಸಂಬಳ ಕೊಟ್ಟು ಸಾಕಿದ ಆಟಗಾರರೂ ಈತನ ಊರಿನ ಮೈದಾನವೂ ಕ್ರಿಕೆಟ್ಟಿನ ಇತಿಹಾಸದಲ್ಲಿ ಸ್ಥಾನ ಪಡೆದಿವೆ.

ಮನೆತನ

ಸ್ಯಾಕ್ವಿಲ್ ವಂಶದವರ ನೆಲೆ ಕೆಂಟ್ ಪ್ರಾಂತದ ಸೆವೆನೋಕ್ಸ್ ಪಟ್ಟಣದ ಬಳಿಯ ನೋಲ್ ಅರಮನೆ. ಈತನ ತಂದೆ ಲಾರ್ಡ್ ಜಾನ್ ಫಿಲಿಪ್ ಸ್ಯಾಕ್ವಿಲ್ ಸಹ ಕ್ರಿಕೆಟ್ ಪ್ರೇಮಿ. 1744ರಲ್ಲಿ ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಕೆಂಟ್ ತಂಡ ಇಂಗ್ಲೆಂಡ್ ತಂಡವನ್ನು ಒಂದು ವಿಕೆಟ್ಟಿನಿಂದ ಸೋಲಿಸಿದ ಪ್ರಸಿದ್ಧ ಪಂದ್ಯದಲ್ಲಿ ಅವನು ಕೆಂಟ್ ಪರವಾಗಿ ಆಡಿದ್ದ. ಆ ತಂಡದ ನಾಯಕತ್ವ ವಹಿಸಿದ್ದವನು ನೋಲ್ ಅರಮನೆಯ ತೋಟಗಾರ ವಾಲ್ ರಾಮ್ನಿ. ಡ್ಯೂಕನ ಮಗ ತೋಟಗಾರನ ಕೈಕೆಳಗೆ ಆಡಿದ ಈ ಸಂಗತಿಯನ್ನು ಇತಿಹಾಸಕಾರರು ಮತ್ತೆ ಮತ್ತೆ ಎತ್ತಿ ಹೇಳಿದ್ದಾರೆ.

ಜಾನ್ ಫ್ರೆಡೆರಿಕ್ ವೆಸ್ಟ್‌ಮಿನ್ಸ್ಟರ್ ಶಾಲೆಯಲ್ಲಿ ವ್ಯಾಸಂಗ ಮಾಡಿ, 1768ರಲ್ಲಿ ಕೆಂಟ್ ಪ್ರಾಂತದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದ. ಮರುವರ್ಷ ದೊಡ್ಡಪ್ಪನಾದ ಎರಡನೆಯ ಡ್ಯೂಕ್ ಮಕ್ಕಳಿಲ್ಲದೆ ತೀರಿಕೊಂಡಾಗ ಪದವಿ, ಆಸ್ತಿ, ಅರಮನೆ ಎಲ್ಲವೂ ಈತನ ಪಾಲಿಗೆ ಬಂದವು.

ಕ್ರಿಕೆಟ್

ಅಂದಿನ ದೊಡ್ಡ ಪಂದ್ಯಗಳು ನಡೆಯುತ್ತಿದ್ದುದು ಪಣಕ್ಕಾಗಿ. ಐನೂರು, ಸಾವಿರ ಗಿನಿಗಳ ಬಾಜಿ ಸಾಮಾನ್ಯವಾಗಿತ್ತು. ಒಂದು ಗಿನಿ ಎಂದರೆ 21 ಷಿಲಿಂಗ್. ಸಾವಿರ ಗಿನಿಯನ್ನು ಹೊಲದ ಕೂಲಿಯಾಳೊಬ್ಬ ಹಲವು ದಶಕ ದುಡಿದರೂ ಸಂಪಾದಿಸಲಾರ. ಇಷ್ಟು ಹಣ ಒಡ್ಡಿದವರಿಗೆ ಗೆಲ್ಲಬಲ್ಲ ಆಳುಗಳು ಬೇಕಾಗಿದ್ದರು. ಆದ್ದರಿಂದ ಶ್ರೀಮಂತರು ಒಳ್ಳೆಯ ಆಟಗಾರರನ್ನು ಹುಡುಕಿ ತೋಟಗಾರ, ಬೇಟೆಕಾವಲುಗಾರ, ಬಟ್ಲರ್ ಎಂಬ ಹೆಸರಿನಲ್ಲಿ ತಮ್ಮ ಎಸ್ಟೇಟುಗಳಲ್ಲಿ ನೇಮಿಸಿಕೊಳ್ಳುತ್ತಿದ್ದರು. ಡಾರ್ಸೆಟ್‌ನ ಬಳಿ ತೋಟಗಾರ ಜಾನ್ ಮಿನ್ಷಲ್, ಬೇಟೆಕಾವಲುಗಾರರಾದ ವಿಲಿಯಂ ಬೌರಾ ಮತ್ತು ಜೋಸೆಫ್ ಮಿಲ್ಲರ್ ಇದ್ದರು. ಗೆಳೆಯನೂ ಪ್ರತಿಸ್ಪರ್ಧಿಯೂ ಆಗಿದ್ದ ಟ್ಯಾಂಕರ್‌ವಿಲ್‌ನ ಅರ್ಲ್ ಬಳಿ, ಲಂಪಿ ಎಂದು ಹೆಸರಾದ ಬೌಲರ್ ಎಡ್ವರ್ಡ್ ಸ್ಟೀವನ್ಸ್ ತೋಟಗಾರನಾಗಿದ್ದ. ಕೆಂಟ್ ಪ್ರಾಂತದವನೇ ಆದ ಸರ್ ಹೊರೇಶಿಯೊ ಮ್ಯಾನ್ ಇದೇ ಹಾದಿ ಹಿಡಿದಿದ್ದ. ವೃತ್ತಿಪರ ಕ್ರಿಕೆಟ್ಟಿನ ಬೇರು ಇರುವುದು ಬಹುಮಟ್ಟಿಗೆ ಈ ಪದ್ಧತಿಯಲ್ಲಿ.

1769ರ ಆಗಸ್ಟ್ 31ರಂದು ರಾಥಮ್ ಗ್ರಾಮದ ವಿರುದ್ಧ ಡ್ಯೂಕನ ತಂಡದ ಪರವಾಗಿ ಮಿನ್ಷಲ್ 107 ಓಟ ಗಳಿಸಿದ. ಅಂಕಪಟ್ಟಿಯಲ್ಲಿ ದಾಖಲಾಗಿ ಉಳಿದಿರುವ ಶತಕಗಳಲ್ಲಿ ಇದೇ ಅತ್ಯಂತ ಹಳೆಯದು.

1774ರ ಫೆಬ್ರವರಿ 25ರಂದು ಲಂಡನ್ನಿನ ಪಾಲ್ ಮಾಲ್ ಬೀದಿಯ ‘ಸ್ಟಾರ್ ಅಂಡ್ ಗಾರ್ಟರ್’ ಭೋಜನಗೃಹದಲ್ಲಿ ಸೇರಿ ಕ್ರಿಕೆಟ್ ನಿಯಮಗಳನ್ನು ಪರಿಷ್ಕರಿಸಿದ ಸಮಿತಿಯಲ್ಲಿ ಡಾರ್ಸೆಟ್, ಟ್ಯಾಂಕರ್‌ವಿಲ್, ಮ್ಯಾನ್ ಮೂವರೂ ಇದ್ದರು. ಲೆಗ್ ಬಿಫೋರ್ ವಿಕೆಟ್ ನಿಯಮ ಸೇರಿದ್ದು, ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲಕ್ಕೆ ನಿಗದಿಯಾದದ್ದು ಈ ಪರಿಷ್ಕರಣೆಯಲ್ಲಿ. ಸಾವಿರಾರು ಗಿನಿ ಕೈಬದಲಾಗುವ ಆಟದಲ್ಲಿ ನಿಯಮ ಅಸ್ಪಷ್ಟವಾಗಿದ್ದರೆ ಜಗಳ ತಪ್ಪುತ್ತಿರಲಿಲ್ಲ.

1777ರ ಜೂನ್ 18ರಿಂದ ಸೆವೆನೋಕ್ಸ್‌ನ ವೈನ್ ಮೈದಾನದಲ್ಲಿ ಹ್ಯಾಂಬಲ್ಡನ್ ಕ್ಲಬ್ಬಿನ ತಂಡಕ್ಕೂ ಇಂಗ್ಲೆಂಡ್ ತಂಡಕ್ಕೂ ಸಾವಿರ ಗಿನಿ ಪಣದ ಪಂದ್ಯ ನಡೆಯಿತು. ಡ್ಯೂಕ್ ಇಂಗ್ಲೆಂಡ್ ಪರ ಆಡಿದ. ಮೊದಲ ಸರದಿಯಲ್ಲಿ ಬ್ರೆಟ್ಟನ ಎಸೆತಕ್ಕೆ ಸೊನ್ನೆಗೆ ಔಟಾದ. ಎರಡನೆಯದರಲ್ಲಿ ಐದು ಓಟ ಮಾಡಿ, ಎದುರು ತಂಡದಲ್ಲಿದ್ದ ಟ್ಯಾಂಕರ್‌ವಿಲ್‌ನಿಗೇ ಕ್ಯಾಚ್ ಕೊಟ್ಟ. ಇಂಗ್ಲೆಂಡಿನ 166 ಓಟಗಳಲ್ಲಿ ಅರವತ್ತು ಡ್ಯೂಕನ ತೋಟಗಾರ ಮಿನ್ಷಲ್‌ನದು. ಹ್ಯಾಂಬಲ್ಡನ್ ತಂಡ ಜೇಮ್ಸ್ ಏಲ್ವರ್ಡ್‌ನ 167 ಓಟಗಳ ನೆರವಿನಿಂದ 403 ಗಳಿಸಿ, ಒಂದು ಇನ್ನಿಂಗ್ಸ್ ಮತ್ತು 168 ಓಟಗಳಿಂದ ಗೆದ್ದಿತು. ಒಡೆಯನ ಅಂಕ ಆಳಿನ ಅಂಕಕ್ಕಿಂತ ಕೆಳಗಿದ್ದುದನ್ನು ಅಂಕಪಟ್ಟಿ ಮರೆಮಾಚಲಿಲ್ಲ.

ಖಾಸಗಿ ಜೀವನ

ಡ್ಯೂಕನ ಪ್ರಣಯ ಪ್ರಸಂಗಗಳು ಲಂಡನ್ನಿನ ಪತ್ರಿಕೆಗಳಿಗೆ ಆಹಾರವಾಗಿದ್ದವು. ಡರ್ಬಿಯ ಅರ್ಲ್‌ನ ಪತ್ನಿ ಎಲಿಜಬೆತ್ ಈತನಿಗಾಗಿ ಗಂಡನನ್ನು ತೊರೆದಳು. ಅರ್ಲ್ ವಿಚ್ಛೇದನಕ್ಕೆ ಒಪ್ಪಲಿಲ್ಲ, ಡ್ಯೂಕ್ ಕೈಬಿಟ್ಟ. ನಷ್ಟವೆಲ್ಲ ಅವಳ ಪಾಲಿಗೆ ಉಳಿಯಿತು. ಇಟಲಿಯ ನರ್ತಕಿ ಜೊವಾನ್ನಾ ಬಚ್ಚೆಲ್ಲಿ ಹಲವು ವರ್ಷ ಈತನ ಸಂಗಾತಿಯಾಗಿದ್ದಳು. ಗೇನ್ಸ್‌ಬರೊ ರಚಿಸಿದ ಅವಳ ಚಿತ್ರ 1782ರಲ್ಲಿ ಪ್ರದರ್ಶಿತವಾಯಿತು. ಈತ ಮದುವೆಯಾದದ್ದು 1790ರಲ್ಲಿ, ಅರಾಬೆಲ್ಲಾ ಡಯಾನಾ ಕೋಪ್‌ಳನ್ನು.

ಪ್ಯಾರಿಸ್

1784ರಿಂದ 1789ರವರೆಗೆ ಡಾರ್ಸೆಟ್ ಫ್ರಾನ್ಸಿನಲ್ಲಿ ರಾಯಭಾರಿ. ಬಚ್ಚೆಲ್ಲಿಯೂ ಜೊತೆಗೆ ಹೋಗಿದ್ದಳು. ರಾಣಿ ಮರಿ ಆಂಟೊನೆಟ್‌ಳ ಆಪ್ತವಲಯದಲ್ಲಿ ಈತನಿಗೆ ಪ್ರವೇಶವಿತ್ತು. ಆದರೆ 1786ರ ವಾಣಿಜ್ಯ ಒಪ್ಪಂದದ ಸಂಧಾನಕ್ಕೆ ಲಂಡನ್ ಸರ್ಕಾರ ವಿಲಿಯಂ ಈಡನ್‌ನನ್ನು ಪ್ರತ್ಯೇಕವಾಗಿ ಕಳುಹಿಸಿತು. ರಾಯಭಾರಿಯ ಮೇಲೆ ಅದಕ್ಕಿದ್ದ ಭರವಸೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಬ್ಯಾಸ್ಟೀಲ್ ಕೋಟೆ ಬಿದ್ದ ಎರಡು ದಿನಗಳ ಬಳಿಕ, 1789ರ ಜುಲೈ 16ರಂದು, ಈತ ಆ ಘಟನೆಯ ವಿವರವನ್ನು ಲಂಡನ್ನಿಗೆ ಬರೆದ. ಅಷ್ಟರಲ್ಲಿ ದೇಶ ಬಿಟ್ಟಿದ್ದ ರಾಜನ ತಮ್ಮ ಆರ್ತ್ವಾದ ಕೌಂಟ್‌ನಿಗೆ ಈತ ಬರೆದಿದ್ದ ಪತ್ರ ಸಿಕ್ಕಿಬಿದ್ದು ಸಂಶಯಕ್ಕೆ ಎಡೆಯಾಯಿತು. ಆಗಸ್ಟಿನಲ್ಲಿ ಈತ ಪ್ಯಾರಿಸ್ ಬಿಟ್ಟ. ಈತನ ಆಹ್ವಾನದ ಮೇರೆಗೆ ವಿಲಿಯಂ ಯಾಲ್ಡನ್‌ನ ನೇತೃತ್ವದಲ್ಲಿ ಕ್ರಿಕೆಟ್ ತಂಡವೊಂದು ಪ್ಯಾರಿಸಿಗೆ ಹೊರಟಿತ್ತು, ಡೋವರ್ ಬಂದರಿನಲ್ಲಿ ಎದುರಿಗೆ ಬಂದ ಡ್ಯೂಕನನ್ನು ಕಂಡು ಹಿಂತಿರುಗಿತು ಎಂಬ ಕಥೆ ಬಹಳ ಕಾಲದಿಂದ ಪ್ರಚಲಿತವಾಗಿದೆ. ಇತ್ತೀಚಿನ ಸಂಶೋಧಕರು ಇದನ್ನು ನಂಬುವುದಿಲ್ಲ.

ಫ್ರಾನ್ಸಿನ ಶ್ರೀಮಂತರು ತಮ್ಮ ರೈತರೊಡನೆ ಕ್ರಿಕೆಟ್ ಆಡುವಂತಿದ್ದರೆ ಅವರ ಕೋಟೆಗಳು ಸುಡುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಇತಿಹಾಸಕಾರ ಟ್ರೆವೆಲ್ಯನ್ 1940ರ ದಶಕದಲ್ಲಿ ಬರೆದ. ಡಾರ್ಸೆಟ್‌ನ ಮಟ್ಟಿಗೆ ಈ ಮಾತು ಅರ್ಧ ಮಾತ್ರ ಸಲ್ಲುತ್ತದೆ. ಮಿನ್ಷಲ್ ಮತ್ತು ಬೌರಾ ಮೈದಾನದಲ್ಲಿ ಡ್ಯೂಕನ ಸಮಕ್ಕೆ ನಿಂತರು, ನಿಜ. ಆದರೆ ಅವರ ಅನ್ನ ಅವನ ಕೈಯಲ್ಲಿತ್ತು, ಬಾಜಿಯ ಲಾಭನಷ್ಟ ಅವನದಾಗಿತ್ತು.

ಕೊನೆಯ ವರ್ಷಗಳು

ಸ್ವದೇಶಕ್ಕೆ ಮರಳಿದ ಮೇಲೆ ಡಾರ್ಸೆಟ್ ಅರಮನೆಯ ಲಾರ್ಡ್ ಸ್ಟುವರ್ಡ್ ಹುದ್ದೆಯಲ್ಲಿದ್ದ. ಕ್ರಿಕೆಟ್ಟಿನ ನಾಯಕತ್ವ ಆಗಲೇ ವಿಂಚಿಲ್ಸಿಯ ಅರ್ಲ್ ಮೊದಲಾದವರಿಗೂ 1787ರಲ್ಲಿ ಆರಂಭವಾದ ಮೆರಿಲಬೋನ್ ಕ್ರಿಕೆಟ್ ಕ್ಲಬ್ಬಿಗೂ ಹೋಗಿತ್ತು. ತಂದೆಯಂತೆ ಈತನೂ ಕೊನೆಗಾಲದಲ್ಲಿ ಮಾನಸಿಕ ಅಸ್ವಾಸ್ಥ್ಯಕ್ಕೆ ತುತ್ತಾಗಿ 1799ರಲ್ಲಿ ನೋಲ್‌ನಲ್ಲಿ ನಿಧನನಾದ. ಏಕಮಾತ್ರ ಪುತ್ರ, ನಾಲ್ಕನೆಯ ಡ್ಯೂಕ್, 1815ರಲ್ಲಿ ಐರ್ಲೆಂಡಿನಲ್ಲಿ ಕುದುರೆಯಿಂದ ಬಿದ್ದು ಮಡಿದ. 1843ರಲ್ಲಿ ಡಾರ್ಸೆಟ್ ಡ್ಯೂಕ್ ಪದವಿಯೇ ಅಳಿಯಿತು.

1773ರಲ್ಲಿ ಡ್ಯೂಕ್ ಸೆವೆನೋಕ್ಸ್ ಪಟ್ಟಣಕ್ಕೆ ದಾನವಾಗಿ ಕೊಟ್ಟ ವೈನ್ ಮೈದಾನದಲ್ಲಿ ಇಂದಿಗೂ ಕ್ರಿಕೆಟ್ ನಡೆಯುತ್ತದೆ. ಕ್ಲಬ್ಬು ಪಟ್ಟಣ ಮಂಡಳಿಗೆ ವರ್ಷಕ್ಕೆ ಎರಡು ಕರಿಮೆಣಸಿನ ಕಾಳುಗಳನ್ನು ಬಾಡಿಗೆಯಾಗಿ ಸಲ್ಲಿಸಬೇಕು. ಸ್ಯಾಕ್ವಿಲ್ ಮನೆತನದ ಲಾರ್ಡ್ ಕೇಳಿದರೆ ಮಂಡಳಿ ಅವನಿಗೆ ವರ್ಷಕ್ಕೊಂದು ಕ್ರಿಕೆಟ್ ಚೆಂಡನ್ನು ಕೊಡಬೇಕು.