ಜೂನ್ 6: ಮಾಸ್ತಿಯವರ ಬದುಕಿನ ಎರಡು ತುದಿ

ಕನ್ನಡ ಸಣ್ಣಕತೆಯ ಜನಕರೆಂದು ಹೆಸರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಜನಿಸಿದ್ದು 1891ರ ಜೂನ್ 6ರಂದು. ತೀರಿಕೊಂಡದ್ದು 1986ರ ಜೂನ್ 6ರಂದು. ತೊಂಬತ್ತೈದು ವರ್ಷಗಳ ತುಂಬು ಬಾಳು ಆರಂಭವಾದ ದಿನಾಂಕದಲ್ಲೇ ಮುಗಿಯಿತು. ವಂಶವೃಕ್ಷ ಬರೆಯಲು ಕುಳಿತವರ ಕಣ್ಣಿಗೆ ಇಂಥ ದಾಖಲೆ ಬಿದ್ದರೆ ಮೊದಲು ಮೂಡುವುದು ಸಂಶಯ. ಜನ್ಮದಿನವನ್ನು ಬರೆಯುವ ಕಡೆ ಯಾರೋ ಮರಣದ ದಿನವನ್ನು ಬರೆದುಬಿಟ್ಟರೇ? ಇಂಥ ಸಂಶಯವನ್ನು ಒರೆಗೆ ಹಚ್ಚಲು ನೆರವಾಗುವುದು ಶಾಶ್ವತ ಕ್ಯಾಲೆಂಡರ್ ಮತ್ತು ಹಳೆಯ ಪಂಚಾಂಗ.

ಮಾಸ್ತಿಯವರು ಹುಟ್ಟಿದ್ದು ಮಾಲೂರು ತಾಲೂಕಿನ ಹುಂಗೇನಹಳ್ಳಿಯಲ್ಲಿ. ಬಡತನದ ನಡುವೆಯೇ ಓದಿ, 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಇಂಗ್ಲಿಷ್ ಎಂ.ಎ. ಪದವಿ ಪಡೆದರು. ಮೈಸೂರು ಸಿವಿಲ್ ಸರ್ವೀಸ್ ಸೇರಿ ಉನ್ನತ ಹುದ್ದೆಗಳಿಗೇರಿದರು. ಅರ್ಹತೆಯಿದ್ದೂ ಮಂತ್ರಿಪದವಿ ದೊರೆಯದಾದಾಗ ರಾಜೀನಾಮೆ ಕೊಟ್ಟು ಹೊರಬಂದರು. ಬಳಿಕ ‘ಜೀವನ’ ಮಾಸಪತ್ರಿಕೆಯನ್ನು ಎರಡು ದಶಕ ನಡೆಸಿದರು. ‘ಶ್ರೀನಿವಾಸ’ ಎಂಬುದು ಅವರ ಕಾವ್ಯನಾಮ. ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಗವಿಪುರದ ಮನೆಯಿಂದ ಗಾಂಧಿ ಬಜಾರ್ ಕಡೆಗೆ, ಕೋಟು ತೊಟ್ಟು, ಕೊಡೆ ಹಿಡಿದು, ಬಸವನಗುಡಿಯ ಕ್ಲಬ್ಬಿಗೆ ನಡೆದು ಬರುತ್ತಿದ್ದ ಅವರನ್ನು ಆ ಬಡಾವಣೆ ದಶಕಗಳ ಕಾಲ ಕಂಡಿತು.

ಇನ್ನು ದಿನಾಂಕದ ಲೆಕ್ಕ. ಗ್ರೆಗೋರಿಯನ್ ಪದ್ಧತಿಯಲ್ಲಿ ವರ್ಷದ ಕ್ಯಾಲೆಂಡರ್‌ಗಳು ಇರುವುದು ಕೇವಲ 14 ಬಗೆ: ವಾರದ ಏಳು ದಿನಗಳಲ್ಲಿ ಯಾವುದರಿಂದಲಾದರೂ ಆರಂಭವಾಗುವ ಸಾಧಾರಣ ವರ್ಷಗಳು ಏಳು, ಅಧಿಕ ವರ್ಷಗಳು ಏಳು. ಯಾವ ವರ್ಷಕ್ಕೆ ಯಾವ ಬಗೆ ಎಂದು ಹೇಳುವ ಕೋಷ್ಟಕವೇ ಶಾಶ್ವತ ಕ್ಯಾಲೆಂಡರ್. ಅದರ ಪ್ರಕಾರ 1891ರ ಜೂನ್ 6 ಶನಿವಾರ. 1986ರ ಜೂನ್ 6 ಶುಕ್ರವಾರ.

ಪಂಚಾಂಗದ ಲೆಕ್ಕ ಇನ್ನೂ ಸೂಕ್ಷ್ಮ. ಮಾಸ್ತಿಯವರು ಹುಟ್ಟಿದ ದಿನ ಖರ ಸಂವತ್ಸರದ ವೈಶಾಖ ಅಮಾವಾಸ್ಯೆ. ಅಂದು ಭೂಮಿಯ ಉತ್ತರ ಭಾಗಗಳಲ್ಲಿ ಕಂಕಣ ಸೂರ್ಯಗ್ರಹಣವೂ ಸಂಭವಿಸಿತು; ಆಗ ಇಲ್ಲಿ ರಾತ್ರಿ. ಶ್ರೀವೈಷ್ಣವ ಮನೆಗಳ ಸೌರಮಾನ ರೂಢಿಯಲ್ಲಿ ಅದೇ ದಿನ ವೃಷಭ ಮಾಸ, ರೋಹಿಣಿ ನಕ್ಷತ್ರವಾಗುತ್ತದೆ. ಹಾಗಾಗಿ ಹಳೆಯ ಜಾತಕ ಓದುವವರು ಮನೆತನ ಚಾಂದ್ರಮಾನದ್ದೋ ಸೌರಮಾನದ್ದೋ ಎಂದು ಮೊದಲು ತಿಳಿಯಬೇಕು.

ಸಂವತ್ಸರದ ಹೆಸರೊಂದನ್ನೇ ನಂಬುವಂತಿಲ್ಲ. ಅರುವತ್ತು ವರ್ಷಗಳಿಗೊಮ್ಮೆ ಅದು ಮರಳಿ ಬರುತ್ತದೆ. ಖರ 1891ರಲ್ಲಿ ಬಂದಂತೆ 1951ರಲ್ಲೂ ಬಂದಿತು. ಮಾಸ್ತಿಯವರು ಎರಡನ್ನೂ ಕಂಡರು. ಜಾತಕದಲ್ಲಿ ಖರ, ವೈಶಾಖ ಅಮಾವಾಸ್ಯೆ ಎಂದಷ್ಟೇ ಇದ್ದರೆ ಅದು ತಾತನದೋ ಮೊಮ್ಮಗನದೋ ತಿಳಿಯದು. 1951ರಲ್ಲಿ ಆ ತಿಥಿ ಬಂದದ್ದು ಜೂನ್ 4, ಸೋಮವಾರ. ಜಾತಕದಲ್ಲಿ ಶನಿವಾರ ಎಂಬ ಒಂದು ಪದವಿದ್ದರೂ ಸಾಕು, ಎರಡು ತಲೆಮಾರುಗಳು ಬೇರೆಯಾಗುತ್ತವೆ.

ಇನ್ನೊಂದು ವಿಶೇಷ. ಹತ್ತೊಂಬತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ 235 ಚಾಂದ್ರಮಾಸಗಳು ಪೂರ್ಣಗೊಳ್ಳುತ್ತವೆ. ಆದ್ದರಿಂದ ಹತ್ತೊಂಬತ್ತನೆಯ ವರ್ಷ ತಿಥಿ ಮತ್ತು ತಾರೀಕು ಬಹುಮಟ್ಟಿಗೆ ಮತ್ತೆ ಜೊತೆಗೂಡುತ್ತವೆ. ಮಾಸ್ತಿಯವರ 95 ವರ್ಷಗಳೆಂದರೆ ಇಂಥ ಐದು ಸುತ್ತು. 1986ರ ಜೂನ್ 6ರ ಸೂರ್ಯೋದಯಕ್ಕೆ ಅಕ್ಷಯ ಸಂವತ್ಸರದ ವೈಶಾಖ ಬಹುಳ ಚತುರ್ದಶಿ. ಅಮಾವಾಸ್ಯೆಗೆ ಒಂದೇ ತಿಥಿ ಬಾಕಿ. ದಿನಾಂಕದ ಜೊತೆಗೆ ಚಂದ್ರನೂ ಬಹುತೇಕ ತನ್ನ ಮೊದಲ ಸ್ಥಾನಕ್ಕೆ ಮರಳಿದ್ದ.

ಆದರೂ ಕೋಷ್ಟಕಕ್ಕೊಂದು ಮಿತಿಯಿದೆ. ವಾರ, ತಿಥಿ, ತಾರೀಕು ಪರಸ್ಪರ ಹೊಂದುತ್ತವೆಯೇ ಎಂದು ಅದು ಹೇಳಬಲ್ಲದು. ಅಂದು ಮಗು ಹುಟ್ಟಿತೇ ಎಂದು ಹೇಳಲಾರದು. ಅದಕ್ಕೆ ಬೇಕಾದದ್ದು ಅಂದೇ ಬರೆದಿಟ್ಟ ಕಾಗದ. ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ಜನ್ಮದಿನಗಳು ಆ ಕಾಲದ ಅನೇಕ ಮನೆಗಳಲ್ಲಿವೆ. ಅಂಥ ಮನೆಗಳ ಹಳೆಯ ಟ್ರಂಕಿನಲ್ಲಿ ಮಡಿಸಿಟ್ಟ ಜಾತಕವಿದ್ದರೆ ಅದನ್ನು ರದ್ದಿಗೆ ಹಾಕುವ ಮುನ್ನ ವಾರ, ತಿಥಿ, ನಕ್ಷತ್ರಗಳನ್ನು ಬರೆದಿಟ್ಟುಕೊಳ್ಳುವುದು ಒಳಿತು. ಹೆಸರಾಂತ ಲೇಖಕರ ಬಾಳನ್ನು ಹಲವರು ಬರೆದಿಟ್ಟಾರು. ಮನೆಯ ಅಜ್ಜಿ ಹುಟ್ಟಿದ ದಿನಕ್ಕೆ ಆ ಒಂದು ಹಾಳೆಯೇ ಸಾಕ್ಷಿ.