ಡಿಸ್ಕ್ ರೂಪಿಸಿದ ಮೇಷ್ಟ್ರು: ರೆನಾಲ್ಡ್ ಜಾನ್ಸನ್

ಮಕ್ಕಳೇ, ನಿಮ್ಮ ಮನೆಯಲ್ಲಿ ಜಮೀನಿನ ಪಹಣಿ ನೋಡಿದ್ದೀರಾ? ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲವಿರಲಿ, ಕೆ.ಆರ್.ನಗರದ ಭತ್ತದ ಗದ್ದೆಯಿರಲಿ, ಎಚ್.ಡಿ.ಕೋಟೆಯ ಹತ್ತಿ ಹೊಲವಿರಲಿ, ಅದು ಯಾರದು, ಎಷ್ಟು ಎಕರೆ, ಎಷ್ಟು ಗುಂಟೆ ಎಂಬುದೆಲ್ಲ ಪಹಣಿಯಲ್ಲಿರುತ್ತದೆ. ಹಿಂದೆ ಇದನ್ನು ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದಿಡುತ್ತಿದ್ದರು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು.

ಅಷ್ಟೊಂದು ವಿಷಯವನ್ನು ಕಂಪ್ಯೂಟರ್ ಎಲ್ಲಿ ನೆನಪಿಟ್ಟುಕೊಳ್ಳುತ್ತದೆ? ಡಿಸ್ಕ್‌ಗಳಲ್ಲಿ. ಮೊದಲ ಡಿಸ್ಕ್ ಯಂತ್ರವನ್ನು ರೂಪಿಸಿದ ತಂಡದ ಮುಖ್ಯಸ್ಥರು ಒಂದು ಕಾಲದಲ್ಲಿ ಶಾಲಾ ಮೇಷ್ಟ್ರಾಗಿದ್ದರು. ಅವರೇ ರೆನಾಲ್ಡ್ ಜಾನ್ಸನ್.

ಪೆನ್ಸಿಲ್ ಗುರುತಿನ ಗುಟ್ಟು

ಜಾನ್ಸನ್ ಹುಟ್ಟಿದ್ದು 1906ರಲ್ಲಿ, ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ. ಬಾಲ್ಯದಲ್ಲಿ ಅವರು ಬಲು ತುಂಟ. ಮನೆಗೆ ಬಂದವರ ಕಾರಿನ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್‌ನಿಂದ ಗೀಚಿಬಿಡುತ್ತಿದ್ದರಂತೆ! ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಮೂಲಕ ವಿದ್ಯುತ್ ಹರಿಯುತ್ತದೆ. ಆಗ ಕಿಡಿ ಹೊತ್ತುವುದಿಲ್ಲ, ಕಾರು ಹೊರಡುವುದಿಲ್ಲ.

ಮುಂದೆ ಅವರು ಮಿಷಿಗನ್ ರಾಜ್ಯದ ಐರನ್‌ವುಡ್ ಎಂಬ ಊರಿನಲ್ಲಿ ವಿಜ್ಞಾನ ಶಿಕ್ಷಕರಾದರು. ಉತ್ತರಪತ್ರಿಕೆಗಳ ರಾಶಿ ತಿದ್ದುವಾಗ ಹಳೆಯ ತುಂಟಾಟ ನೆನಪಾಯಿತು. ಸರಿಯುತ್ತರದ ಜಾಗದಲ್ಲಿ ಪೆನ್ಸಿಲ್ ಗುರುತಿದ್ದರೆ ವಿದ್ಯುತ್ ಹರಿಯಬೇಕು, ಆ ವಿದ್ಯುತ್ತಿನ ಅಳತೆಯೇ ಅಂಕವಾಗಬೇಕು. ಅಂಥದೊಂದು ಯಂತ್ರವನ್ನು ಅವರೇ ಕಟ್ಟಿದರು. ಅದು ಜಗತ್ತೆಲ್ಲ ಕೆಲಸವಿಲ್ಲದೆ ಕಂಗೆಟ್ಟಿದ್ದ ಕಾಲ. ಐಬಿಎಂ ಕಂಪನಿ ಮೊದಲು ಈ ಯಂತ್ರವನ್ನು ಬೇಡವೆಂದಿತು. ಆದರೆ 1934ರಲ್ಲಿ ಯಂತ್ರದ ಹಕ್ಕು ಕೊಂಡು, ಅವರನ್ನೇ ಇಂಜಿನಿಯರ್ ಆಗಿ ಸೇರಿಸಿಕೊಂಡಿತು.

ತಿರುಗುವ 50 ತಟ್ಟೆಗಳು

1952ರಲ್ಲಿ ಕಂಪನಿ ಅವರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರಕ್ಕೆ ಕಳಿಸಿ, ಹೊಸ ಪ್ರಯೋಗಾಲಯ ತೆರೆಯಲು ಹೇಳಿತು. ಆಗ ಲೆಕ್ಕಪತ್ರಗಳು ರಂಧ್ರ ಕೊರೆದ ಕಾರ್ಡುಗಳಲ್ಲಿ ಇಲ್ಲವೇ ಟೇಪಿನಲ್ಲಿ ಇರುತ್ತಿದ್ದವು. ಟೇಪಿನ ಕೊನೆಯಲ್ಲಿರುವುದು ಬೇಕಾದರೆ ಇಡೀ ಟೇಪು ಸುತ್ತಬೇಕು. ಬೇಕಾದ ಪುಟವನ್ನು ನೇರವಾಗಿ ತೆರೆಯುವಂತಿದ್ದರೆ ಎಷ್ಟು ಚೆನ್ನ ಅಲ್ಲವೇ?

ಜಾನ್ಸನ್ ತಂಡ ಅಲ್ಯುಮಿನಿಯಂ ತಟ್ಟೆಯನ್ನು ತಿರುಗಿಸುತ್ತಾ, ನಡುವೆ ಕಾಗದದ ಲೋಟದಿಂದ ಕಬ್ಬಿಣದ ಆಕ್ಸೈಡ್ ಬೆರೆತ ಬಣ್ಣ ಸುರಿಯಿತು. ಬಣ್ಣ ತೆಳುವಾಗಿ ಹರಡಿತು. ಅದರ ಮೇಲಿನ ಪುಟ್ಟ ಪುಟ್ಟ ಕಾಂತೀಯ ಚುಕ್ಕೆಗಳೇ ಅಕ್ಷರಗಳು! ಅವನ್ನು ಬರೆಯುವ, ಓದುವ ತಲೆ ತಟ್ಟೆಗೆ ತಗುಲಿದರೆ ಬಣ್ಣ ಕಿತ್ತು ಬರೆದದ್ದೆಲ್ಲ ಹಾಳು. ಅದಕ್ಕೆ ಒತ್ತಡದ ಗಾಳಿ ಊದಿ, ತಲೆಯನ್ನು ಕೂದಲೆಳೆಯಷ್ಟು ಅಂತರದಲ್ಲಿ ತೇಲಿಸಿದರು. ಕಂಪನಿಯಲ್ಲೇ ಹಲವರಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. ಜಾನ್ಸನ್ ಕೈಬಿಡಲಿಲ್ಲ.

1956ರಲ್ಲಿ ‘ರಾಮ್ಯಾಕ್’ ಲೋಕಕ್ಕೆ ಪರಿಚಯವಾಯಿತು. ಅದರಲ್ಲಿ 2 ಅಡಿ ಅಗಲದ 50 ತಟ್ಟೆಗಳು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದವು. ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇಂದಿನ ಮೊಬೈಲಿನ ಒಂದೆರಡು ಚಿತ್ರಗಳಿಗೇ ಅದು ತುಂಬಿಹೋದೀತು!

ಡಿಸ್ಕ್ ಕೆಟ್ಟರೆ?

ಯಂತ್ರವೆಂದ ಮೇಲೆ ಕೆಡಲೇಬೇಕು. ಪಹಣಿಯಿರುವ ಡಿಸ್ಕ್ ಕೆಟ್ಟರೆ ರೈತನ ಗತಿಯೇನು? ಇದಕ್ಕೆ 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ‘ರೇಡ್’ ಎಂಬ ವ್ಯವಸ್ಥೆಯನ್ನು ವಿವರಿಸಿದರು. ಅದರ ಒಂದು ಉಪಾಯವನ್ನು ನೀವೇ ಮಾಡಿ ನೋಡಿ. ಮೂರು ಸ್ಲೇಟುಗಳಲ್ಲಿ 7, 4, 9 ಎಂದು ಬರೆಯಿರಿ. ನಾಲ್ಕನೆಯದರಲ್ಲಿ ಮೊತ್ತ 20 ಬರೆಯಿರಿ. ಈಗ ಎರಡನೆಯ ಸ್ಲೇಟು ಅಳಿಸಿಹೋಯಿತೆನ್ನಿ. 20ರಲ್ಲಿ 7 ಮತ್ತು 9 ಕಳೆಯಿರಿ. ಕಳೆದುಹೋದ 4 ಮರಳಿ ಬಂತು! ಡಿಸ್ಕ್‌ಗಳೂ ಇಂಥದೇ ಒಂದು ಲೆಕ್ಕವನ್ನು ಬರೆದಿಟ್ಟುಕೊಳ್ಳುತ್ತವೆ. ಎರಡು ಸ್ಲೇಟು ಒಟ್ಟಿಗೆ ಅಳಿಸಿದರೆ ಮಾತ್ರ ಈ ಲೆಕ್ಕ ಸಾಲದು. ಆದ್ದರಿಂದ ಕೆಟ್ಟ ಡಿಸ್ಕನ್ನು ಬೇಗ ಬದಲಿಸಬೇಕು.

ದೊಡ್ಡ ಕಚೇರಿಗಳ ಸಂಗ್ರಹ ಯಂತ್ರ ಬೀರುವಿನಂತಿದ್ದು, ಸಾಲಾಗಿ ಹತ್ತಾರು ಡಿಸ್ಕ್‌ಗಳಿರುತ್ತವೆ. ಯಂತ್ರ ನಡೆಯುತ್ತಿರುವಾಗಲೇ ಒಂದನ್ನು ಎಳೆದು ಇನ್ನೊಂದು ಹಾಕಬಹುದು. ಅವನ್ನು ನಡೆಸುವ ನಿಯಂತ್ರಕಗಳು ಎರಡು, ವಿದ್ಯುತ್ ಪೂರೈಕೆಯೂ ಎರಡು. ಒಂದು ನಿಂತರೆ ಇನ್ನೊಂದು ಕೆಲಸ ನೋಡಿಕೊಳ್ಳುತ್ತದೆ. ಬೆಂಕಿ, ನೆರೆ ಬಂದರೆ ಬೀರುವೇ ಹೋಗಬಹುದಲ್ಲವೇ? ಅದಕ್ಕೆ ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಇಡುತ್ತಾರೆ. ಈಗ ಅನೇಕ ಕಡೆ ತಿರುಗುವ ತಟ್ಟೆಗಳ ಬದಲು ಚಿಪ್‌ಗಳೂ ಬಂದಿವೆ.

ಜಾನ್ಸನ್ 1971ರಲ್ಲಿ ನಿವೃತ್ತರಾದರು. ಅವರ ಹೆಸರಿನಲ್ಲಿ 90ಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. ನಿವೃತ್ತಿಯ ನಂತರವೂ ಮಕ್ಕಳನ್ನು ಮರೆಯದೆ, ಪುಟಾಣಿಗಳಿಗಾಗಿ ಮಾತನಾಡುವ ಪುಸ್ತಕದ ತಂತ್ರವನ್ನು ರೂಪಿಸಿದರು. 1986ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಅವರಿಗೆ ಸಂದಿತು. 1998ರಲ್ಲಿ, 92ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಿಮ್ಮ ಕೈಯಲ್ಲೂ ಪೆನ್ಸಿಲ್ ಇದೆಯಲ್ಲವೇ? ಅದರ ಗೀರಿನಲ್ಲಿ ವಿದ್ಯುತ್ ಹರಿಯುತ್ತದೆಯೇ? ಒಂದು ಬ್ಯಾಟರಿ, ಒಂದು ಪುಟ್ಟ ಎಲ್‌ಇಡಿ ದೀಪ ತಂದು, ಶಿಕ್ಷಕರ ಜೊತೆ ಕೂತು ಪರೀಕ್ಷಿಸಿ ನೋಡಿ.